ಬಾಳೆದಿಂಡಿನ ರಸ, ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಯೇ?

‘ಮೂರು ದಿನ ಬಾಳೆದಿಂಡಿನ ರಸ ಕುಡಿಯಿರಿ, ಇಲ್ಲವೇ ಎರಡು ಬಾಟಲಿ ಬಿಯರ್ ಕುಡಿಯಿರಿ, ಕಿಡ್ನಿ ಕಲ್ಲು ಕರಗಿ ಹೋಗುತ್ತದೆ’ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಹಾಗೆ ಕುಡಿದು ಗುಣವಾಯಿತು ಎನ್ನುವವರೂ ಸಿಗುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಆದರೆ ಕಲ್ಲು ಹೋದದ್ದು ಆ ರಸದಿಂದಲೇ?

ಚಿಕ್ಕ ಕಲ್ಲು ತಾನಾಗಿಯೇ ಹೋಗುತ್ತದೆ

5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಮೂತ್ರದ ಜೊತೆ ತಾವಾಗಿಯೇ ಹೊರಬೀಳುತ್ತವೆ. ಇದಕ್ಕೆ ಕೆಲವು ದಿನಗಳು, ಕೆಲವೊಮ್ಮೆ 4ರಿಂದ 6 ವಾರ ಬೇಕಾಗಬಹುದು. ಆ ಸಮಯದಲ್ಲಿ ಏನು ಕುಡಿದಿದ್ದರೂ ಹೆಸರು ಅದಕ್ಕೇ ಬರುತ್ತದೆ.

ಬಹುತೇಕ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆಗಿರುತ್ತವೆ. ಇವನ್ನು ಕರಗಿಸುವ ರಸವಾಗಲಿ, ಮಾತ್ರೆಯಾಗಲಿ ಇಲ್ಲ. ಯೂರಿಕ್ ಆಸಿಡ್ ಕಲ್ಲುಗಳನ್ನು ಮಾತ್ರ ವೈದ್ಯರು ಕೊಡುವ ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿಯಿಂದ ಕರಗಿಸಬಹುದು. ಬಿಯರ್ ಕುಡಿದರೆ ಮೂತ್ರ ಹೆಚ್ಚಾಗುವುದು ನಿಜ. ಆದರೆ ಅದು ಯೂರಿಕ್ ಆಸಿಡ್ ಅನ್ನೂ ಹೆಚ್ಚಿಸುತ್ತದೆ.

ನೋವು ನಿಂತರೆ ಕಲ್ಲು ಹೋಯಿತೇ?

ಹಾಗೆಂದು ನಂಬಬೇಡಿ. ಕಲ್ಲು ಮೂತ್ರನಾಳದಲ್ಲೇ ಸಿಕ್ಕಿಕೊಂಡಿದ್ದರೂ ನೋವು ಕಡಿಮೆಯಾಗಬಹುದು. ಮೂತ್ರ ಮುಂದಕ್ಕೆ ಹೋಗದೆ ವಾರಗಟ್ಟಲೆ ಕಟ್ಟಿಕೊಂಡರೆ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ಆದ್ದರಿಂದ ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ ಎಂದು ಮೊದಲು ಸ್ಕ್ಯಾನ್ ಮಾಡಿಸಿ. ಕಲ್ಲು ಬಿದ್ದದ್ದು ಕಣ್ಣಿಗೆ ಕಾಣದಿದ್ದರೆ, ವೈದ್ಯರು ಹೇಳಿದ ದಿನ ಮತ್ತೊಮ್ಮೆ ಮಾಡಿಸಿ.

ತಾನಾಗಿ ಹೋಗದ ಕಲ್ಲನ್ನು ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿ ಮಾಡುತ್ತಾರೆ, ಅಥವಾ ಮೂತ್ರದ ದಾರಿಯಲ್ಲೇ ದುರ್ಬೀನು ಕಳಿಸಿ ಲೇಸರ್‌ನಿಂದ ಒಡೆಯುತ್ತಾರೆ. ಕಿಡ್ನಿಯಲ್ಲಿ 2 ಸೆಂ.ಮೀ.ಗಿಂತ ದೊಡ್ಡ ಕಲ್ಲಿದ್ದರೆ ಸಾಮಾನ್ಯವಾಗಿ ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ತೆಗೆಯುತ್ತಾರೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

• ನೋವಿನ ಜೊತೆ ಚಳಿ ಜ್ವರ ಬಂದರೆ
• ಮೂತ್ರ ಬರುವುದೇ ನಿಂತರೆ
• ನೀರೂ ಉಳಿಯದಷ್ಟು ವಾಂತಿಯಾದರೆ
• ಇರುವುದು ಒಂದೇ ಕಿಡ್ನಿಯಾದರೆ, ಅಥವಾ ಗರ್ಭಿಣಿಯಾಗಿದ್ದರೆ

ಜ್ವರ ಬಂದಿದೆ ಎಂದರೆ ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಆಗಿರಬಹುದು. ಅದು ಜೀವಕ್ಕೇ ಅಪಾಯ. ಬೆಳಗಾಗಲಿ ಎಂದು ಕಾಯಬೇಡಿ.

ಮತ್ತೆ ಬಾರದಂತೆ ಏನು ಮಾಡಬೇಕು?

ದಿನಕ್ಕೆ ಸುಮಾರು 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಉಪ್ಪು, ಮಾಂಸ ಕಡಿಮೆ ಮಾಡಿ. ಹಾಲು, ಮೊಸರು ಬಿಡಬೇಡಿ. 2002ರಲ್ಲಿ ಪ್ರಕಟವಾದ ಇಟಲಿಯ ಐದು ವರ್ಷಗಳ ಅಧ್ಯಯನವೊಂದರಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಕ್ಯಾಲ್ಸಿಯಂ ಬಿಡದೆ ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ ಕಲ್ಲು ಮರುಕಳಿಸಿದ್ದು ಸುಮಾರು ಅರ್ಧದಷ್ಟು ಮಾತ್ರ.

ಬಾಳೆದಿಂಡಿನ ಪಲ್ಯ ಇಷ್ಟವಿದ್ದರೆ ತಿನ್ನಿ. ಅದನ್ನು ನಂಬಿ ಸ್ಕ್ಯಾನ್ ಮಾತ್ರ ಮುಂದೂಡಬೇಡಿ.