ಒಂದು ಗಿಡ್ಡ ವರ್ಣತಂತುವಿನ ಕಥೆ



ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ ಎಂದು ನಾನು ಬರೆಸಿದ ಟಿಪ್ಪಣಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಟ್ಟು ಸಂಖ್ಯೆ 46 ಎಂಬುದು ಜಗತ್ತಿಗೆ ಖಚಿತವಾದದ್ದೇ 1956ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬ ಸಂಶೋಧಕರು ಒಂದು ವಿಚಿತ್ರವನ್ನು ವರದಿ ಮಾಡಿದರು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದವರ ಕೋಶಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿತ್ತು. ಅದಕ್ಕೆ ಆ ಊರಿನ ಹೆಸರೇ ನಿಂತಿತು.

ಈ ಬದಲಾವಣೆ ರೋಗದ ಕಾರಣವೋ, ಪರಿಣಾಮವೋ? ಪ್ರಶ್ನೆ ಬಹುಕಾಲ ಉಳಿಯಿತು. 1973ರಲ್ಲಿ ಷಿಕಾಗೋದ ವೈದ್ಯೆ ಜಾನೆಟ್ ರೌಲಿ, ಕಳೆದುಹೋದ ತುಂಡು ನಿಜವಾಗಿ ಕಳೆದಿಲ್ಲವೆಂದು ತೋರಿಸಿದರು. 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದವು. ನಾಲ್ವರು ಗಂಡುಮಕ್ಕಳ ತಾಯಿಯಾದ ಆಕೆ ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆಯೇ ಹರಡಿಕೊಂಡು ಅಭ್ಯಸಿಸುತ್ತಿದ್ದರು.

1980ರ ದಶಕದಲ್ಲಿ ಆ ಬೆಸುಗೆಯ ಗುಟ್ಟು ತಿಳಿಯಿತು. 9ರಿಂದ ಬಂದ ಎಬಿಎಲ್ ವಂಶವಾಹಿ, 22ರಲ್ಲಿರುವ ಬಿಸಿಆರ್ ವಂಶವಾಹಿಯೊಡನೆ ಕೂಡಿಕೊಂಡು ಒಂದು ಕಿಣ್ವವನ್ನು ಹುಟ್ಟಿಸುತ್ತದೆ. ಸಹಜ ಕಿಣ್ವ ಬೇಕಾದಾಗ ದುಡಿದು ಬೇಡವಾದಾಗ ಸುಮ್ಮನಾಗುತ್ತದೆ. ಇದಕ್ಕೆ ವಿರಾಮವೇ ಇಲ್ಲ. ಬಿಳಿ ರಕ್ತಕಣಗಳಿಗೆ 'ಹೆಚ್ಚಿರಿ' ಎಂದು ಸದಾ ಆಜ್ಞಾಪಿಸುತ್ತಲೇ ಇರುತ್ತದೆ. 1990ರಲ್ಲಿ ಇದೇ ವಂಶವಾಹಿಯನ್ನು ಇಲಿಗಳ ಮಜ್ಜೆಯ ಕೋಶಗಳಿಗೆ ಸೇರಿಸಿದಾಗ ಅವುಗಳಿಗೂ ಅಂಥದೇ ರೋಗ ಬಂದಿತು. ಕಾರಣವೇ ಎಂಬುದು ಆಗ ಸಿದ್ಧವಾಯಿತು.

ಕಾರಣ ತಿಳಿದ ಮೇಲೆ ಅದಕ್ಕೆ ಕಡಿವಾಣವೂ ದೊರೆಯಿತು. ಆ ಕಿಣ್ವವನ್ನೇ ತಡೆಯುವ ಇಮ್ಯಾಟಿನಿಬ್ ಎಂಬ ಔಷಧವನ್ನು ಬ್ರಯಾನ್ ಡ್ರುಕರ್ ಮೊದಲಾದವರು 1998ರಲ್ಲಿ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದರ ಪೇಟೆಂಟ್ ಕೋರಿಕೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತಳ್ಳಿಹಾಕಿದ್ದರಿಂದ ಇಲ್ಲಿನ ಕಂಪನಿಗಳು ಅಗ್ಗದ ಮಾತ್ರೆಗಳನ್ನು ತಯಾರಿಸಲು ಅಡ್ಡಿಯಾಗಲಿಲ್ಲ. ಹಿಂದೆ ಕೆಲವೇ ವರ್ಷ ಬದುಕುತ್ತಿದ್ದ ರೋಗಿಗಳಲ್ಲಿ ಹೆಚ್ಚಿನವರು ಈಗ ಮಾತ್ರೆ ನುಂಗುತ್ತ ಬಹುತೇಕ ಪೂರ್ಣಾಯುಷ್ಯ ಕಳೆಯುತ್ತಾರೆ.

ಕೊನೆಯದಾಗಿ ಒಂದು ಮಾತು. 'ವಂಶವಾಹಿ' ಎಂಬ ಪದ ಕೇಳಿದೊಡನೆ ನಮ್ಮವರು ರೋಗ ವಂಶಕ್ಕೇ ಅಂಟಿತೆಂದು ಅಂಜುತ್ತಾರೆ; ಹೆಣ್ಣು ಕೊಡಲು, ತರಲು ಹಿಂಜರಿಯುತ್ತಾರೆ. ಈ ಅದಲುಬದಲು ತಂದೆತಾಯಿಯರಿಂದ ಬರುವುದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಹುಟ್ಟಿದ ನಂತರ ಮಜ್ಜೆಯ ಯಾವುದೋ ಒಂದು ಕೋಶದಲ್ಲಿ ನಡೆಯುವ ಆಕಸ್ಮಿಕ ಅದು. ಇಷ್ಟನ್ನು ನಾಲ್ಕು ಜನರಿಗೆ ತಿಳಿಹೇಳಿದರೆ ಕಲಿತದ್ದು ಸಾರ್ಥಕ.