ಕ್ರಾಕೆಟ್ ಹಾಕಿದ ಮತ

ಒಂಬತ್ತನೇ ತರಗತಿಗೆ ಪೌರನೀತಿ ಪಾಠ ಮಾಡುವಾಗ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಟೀಚರ್, ಗೆದ್ದುಹೋದವರು ಜನ ಹೇಳಿದ ಹಾಗೆ ಮಾಡಬೇಕಾ, ತಮಗೆ ಸರಿ ಕಂಡದ್ದು ಮಾಡಬೇಕಾ?" ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಸೀಮೆಸುಣ್ಣ ಕೆಳಗಿಟ್ಟು ಅಮೆರಿಕದ ಡೇವಿಡ್ ಕ್ರಾಕೆಟ್‌ನ ಕಥೆ ಹೇಳುತ್ತೇನೆ.

ಹೆಸರು ಕೇಳಿ ಬಲ್ಲವರಿಗೆ ಅವನೆಂದರೆ ತುಪ್ಪಳದ ಟೋಪಿ, ಹಿಂದೆ ಜೋತಾಡುವ ಬಾಲ, ಕರಡಿ ಬೇಟೆ. 1950ರ ದಶಕದಲ್ಲಿ ಡಿಸ್ನಿಯವರ ಟಿ.ವಿ. ಚಿತ್ರಗಳು ಆ ಟೋಪಿಯನ್ನು ಅಮೆರಿಕದ ಮಕ್ಕಳ ತಲೆಗೆಲ್ಲ ಏರಿಸಿದವು. ನನಗೆ ಬೇಕಾದದ್ದು ಟೋಪಿಯಲ್ಲ, ಅದರ ಕೆಳಗಿದ್ದ ಮನುಷ್ಯ.

ಮುಂದೆ ಟೆನೆಸಿ ರಾಜ್ಯವಾದ ಗುಡ್ಡಗಾಡಿನಲ್ಲಿ 1786ರಲ್ಲಿ ಅವನು ಹುಟ್ಟಿದ. ಬಿಳಿಯರ ವಸತಿ ಮುಗಿದು ಮೂಲನಿವಾಸಿಗಳ ನಾಡು ಶುರುವಾಗುವ ಅಂಚು ಅದು. ಅವನು ಹುಟ್ಟುವ ಮೊದಲೇ, 1777ರಲ್ಲಿ, ಮೂಲನಿವಾಸಿಗಳ ದಾಳಿಯಲ್ಲಿ ಅಜ್ಜ ಅಜ್ಜಿ ಇಬ್ಬರೂ ಸತ್ತಿದ್ದರು. ಅಪ್ಪನಿಗೆ ಸಾಲವೋ ಸಾಲ. ಶಾಲೆಗೆ ಸೇರಿಸಿದರೆ ಹುಡುಗ ನಾಲ್ಕೇ ದಿನಕ್ಕೆ ಇನ್ನೊಬ್ಬನೊಡನೆ ಬಡಿದಾಡಿ, ಮೇಷ್ಟರ ಬೆತ್ತಕ್ಕೆ ಹೆದರಿ ಓಡಿಹೋದ. ದೊಡ್ಡವನಾದ ಮೇಲೆ ತಾನಾಗಿ ಒಬ್ಬರ ಬಳಿ ಹೋಗಿ, ವಾರಕ್ಕೆ ನಾಲ್ಕು ದಿನ ಓದು, ಎರಡು ದಿನ ಕೆಲಸ ಎಂದು ಒಪ್ಪಂದ ಮಾಡಿಕೊಂಡು ಆರು ತಿಂಗಳು ಅಕ್ಷರ ಕಲಿತ. ಇದಿಷ್ಟು ಹೇಳುವಾಗ ಹಿಂದಿನ ಬೆಂಚಿನ ಹುಡುಗರ ಮುಖ ಅರಳುತ್ತದೆ.

1813ರಲ್ಲಿ ಕ್ರೀಕ್ ಜನರ ಮೇಲೆ ಯುದ್ಧ ಬಂದಾಗ ಹೆಂಡತಿ ಪಾಲಿ ಬೇಡವೆಂದು ಬೇಡಿಕೊಂಡರೂ ಕ್ರಾಕೆಟ್ ಸೈನ್ಯ ಸೇರಿದ. ಆ ನವೆಂಬರಿನಲ್ಲಿ ಟಲ್ಲುಶಾಚಿ ಎಂಬ ಹಳ್ಳಿಯಲ್ಲಿ ಒಂದು ಮನೆಯನ್ನು ಒಳಗಿದ್ದವರ ಸಮೇತ ಸುಟ್ಟರು. ಮರುದಿನ ಹಸಿದ ಸೈನಿಕರು ಆ ಮನೆಯ ನೆಲಮಾಳಿಗೆಯಲ್ಲಿ ಬೆಂದಿದ್ದ ಆಲೂಗಡ್ಡೆ ತೆಗೆದು ತಿಂದರು. ತಾನೂ ಆ ದಂಡಿನಲ್ಲಿದ್ದೆನೆಂಬುದನ್ನು ಕ್ರಾಕೆಟ್ ಮುಚ್ಚಿಡಲಿಲ್ಲ. 1834ರ ತನ್ನ ಆತ್ಮಕಥೆಯಲ್ಲಿ ಅದನ್ನೆಲ್ಲ ಬರೆದ.

1815ರಲ್ಲಿ ಪಾಲಿ ಮೂರು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಅದೇ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡಿದ್ದ, ಎರಡು ಮಕ್ಕಳ ತಾಯಿ ಎಲಿಜಬೆತ್ ಅವನ ಎರಡನೆಯ ಹೆಂಡತಿಯಾದಳು. ಜಮೀನಿದ್ದವಳು, ಗಟ್ಟಿ ಹೆಂಗಸು. ಹಿಟ್ಟಿನ ಗಿರಣಿ, ಮದ್ದುಪುಡಿಯ ಗಿರಣಿ, ಬಟ್ಟಿ ಎಲ್ಲ ಎದ್ದವು. 1821ರಲ್ಲಿ ಪ್ರವಾಹ ಬಂದು ಗಿರಣಿಗಳನ್ನು ಕೊಚ್ಚಿಕೊಂಡು ಹೋಯಿತು. ಆಗಷ್ಟೇ ರಾಜ್ಯದ ಶಾಸನಸಭೆಗೆ ಆರಿಸಿ ಹೋಗಿದ್ದ ಗಂಡನಿಗೆ ಅವಳು ಹೇಳಿದ ಬುದ್ಧಿ ಒಂದೇ: ಇರುವುದೆಲ್ಲ ಮಾರಿಯಾದರೂ ಮೊದಲು ಸಾಲ ತೀರಿಸು. ಅವನು ಹಾಗೆಯೇ ಮಾಡಿದ.

1827ರಲ್ಲಿ ಅವನು ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಗೆದ್ದ. ಕಾಡು ಕಡಿದು ಉಳುತ್ತಿದ್ದರೂ ಕೈಯಲ್ಲಿ ಕಾಗದಪತ್ರವಿಲ್ಲದ ಬಡವರಿಗೆ ಆ ನೆಲ ಕೊಡಿಸಬೇಕೆಂದು ಮಸೂದೆಗಾಗಿ ವರ್ಷಗಟ್ಟಲೆ ಹೆಣಗಿದ. ಅವನ ಕಾಲದಲ್ಲಿ ಅದು ಆಗಲೇ ಇಲ್ಲ.

1830ರಲ್ಲಿ ಇನ್ನೊಂದು ಮಸೂದೆ ಬಂತು. ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸುವ ಮಸೂದೆ. ತಂದವರು ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಡೆಯವರು. ಜಾಕ್ಸನ್ ಟೆನೆಸಿಯವನೇ, ಕ್ರೀಕ್ ಯುದ್ಧದಲ್ಲಿ ಕ್ರಾಕೆಟ್‌ನ ದಂಡನಾಯಕ. ಕ್ರಾಕೆಟ್‌ಗೆ ಮತ ಹಾಕಿದ ಜನಕ್ಕೂ ಆ ನೆಲದ ಮೇಲೇ ಕಣ್ಣು. ಗೆಳೆಯರು ಎಚ್ಚರಿಸಿದರು. ಆದರೂ ಟೆನೆಸಿಯ ಸದಸ್ಯರಲ್ಲಿ ಅವನೊಬ್ಬನೇ ಬೇಡವೆಂದು ಮತ ಹಾಕಿದ. ಇದು ಅನ್ಯಾಯದ ಕಾನೂನು, ಒಪ್ಪಿದರೆ ತನ್ನ ಮನಸ್ಸೇ ತನ್ನನ್ನು ಬಿಡದು ಎಂಬುದು ಅವನು ಕೊಟ್ಟ ಕಾರಣ. ಜಾಕ್ಸನ್ ಮೇಲಿನ ಮುನಿಸೂ ಸೇರಿತ್ತು ಎನ್ನುವ ಚರಿತ್ರಕಾರರಿದ್ದಾರೆ, ಇದ್ದೀತು. ಗುಲಾಮರನ್ನು ಇಟ್ಟುಕೊಂಡಿದ್ದವನು, ಸಂತನಲ್ಲ. ಆದರೆ ಅಜ್ಜ ಅಜ್ಜಿಯರನ್ನು ಹಾಗೆ ಕಳೆದುಕೊಂಡ ಮನೆಯವನು ಆ ಜನರ ನೆಲ ಕಸಿಯಬೇಡಿ ಎಂದನಲ್ಲ, ಅದು ಸಣ್ಣ ಮಾತೇ?

1831ರಲ್ಲಿ ಜನ ಅವನನ್ನು ಸೋಲಿಸಿದರು. 1833ರಲ್ಲಿ ಗೆದ್ದ, 1835ರಲ್ಲಿ ಮತ್ತೆ ಸೋತ. ಬೇಸತ್ತು ಟೆಕ್ಸಾಸಿಗೆ ಹೊರಟವನು 1836ರ ಮಾರ್ಚ್ 6ರಂದು ಅಲಾಮೊ ಎಂಬಲ್ಲಿ ಮೆಕ್ಸಿಕೊ ಸೈನ್ಯದ ಕೈಯಲ್ಲಿ ಸತ್ತ. ಆಗ ವಯಸ್ಸು 49. ಎಲಿಜಬೆತ್ ಬಹಳ ವರ್ಷಗಳ ನಂತರ, 1850ರ ದಶಕದಲ್ಲಿ, ಗಂಡನ ಸೇವೆಗೆಂದು ಸಿಕ್ಕ ಜಮೀನಿಗಾಗಿ ಟೆಕ್ಸಾಸಿಗೆ ಹೋಗಿ, 1860ರಲ್ಲಿ ಅಲ್ಲೇ ಮಣ್ಣಾದಳು. ಟೋಪಿಯ ಕಥೆಗಳಲ್ಲಿ ಅವಳ ಹೆಸರು ಅಪರೂಪ.

"ಸೋತನಲ್ಲ ಟೀಚರ್, ಏನು ಬಂತು?" ಎಂದು ಒಂದು ವರ್ಷ ಒಬ್ಬಳು ಹುಡುಗಿ ಕೇಳಿದಳು. ನಾನು ಬೋರ್ಡಿನ ಮೇಲೆ ಎರಡು ಅಂಕಿ ಬರೆದೆ: 102, 97. ಆ ಮಸೂದೆ ಪ್ರತಿನಿಧಿ ಸಭೆಯಲ್ಲಿ ಗೆದ್ದದ್ದು ಇಷ್ಟರಿಂದ. ಇನ್ನು ಮೂವರು ಆಚೆಯಿಂದ ಈಚೆಗೆ ಬಂದಿದ್ದರೆ ಬಿದ್ದುಹೋಗುತ್ತಿತ್ತು. ಬೀಳಲಿಲ್ಲ. 1838–39ರಲ್ಲಿ ಚೆರೋಕಿ ಜನರನ್ನು ಹೊರಡಿಸಿದಾಗ ಸುಮಾರು 4,000 ಮಂದಿ ಸತ್ತರೆಂದು ಅಂದಾಜು. ಕ್ಲಾಸು ಸುಮ್ಮನಾಯಿತು.

ನಾನೂ ಸುಮ್ಮನಾದೆ. ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ, ಗೇಟಿನ ಬಳಿ ಸೀಬೆಹಣ್ಣು, ನೆಲ್ಲಿಕಾಯಿ ಮಾರುತ್ತಿದ್ದ ಇಬ್ಬರು ಮುದುಕಿಯರನ್ನು ಎಬ್ಬಿಸಬೇಕೆಂದು ಸಭೆಯಲ್ಲಿ ಮಾತು ಬಂತು. ಎಲ್ಲರೂ ಕೈ ಎತ್ತಿದರು. ತಪ್ಪೆಂದು ಗೊತ್ತಿದ್ದೂ ನಾನು ಅತ್ತಿತ್ತ ನೋಡಿ ಕೈ ಎತ್ತಿದೆ. ನನಗೆ ಹೋಗುವ ಸೀಟೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಕ್ರಾಕೆಟ್‌ನ ಕಥೆ ಹೇಳುವಾಗಲೆಲ್ಲ ಆ ಮುದುಕಿಯರ ಖಾಲಿ ಜಾಗ ಕಣ್ಣಮುಂದೆ ಬರುತ್ತದೆ. ಅದನ್ನು ಮಕ್ಕಳಿಗೆ ಇನ್ನೂ ಹೇಳಿಲ್ಲ.