ಹಳೆಯ ನುಡಿ ಮರೆಯದ ವಂಶ

ಮೂರು ದಶಕ ಪಂಪನ ಪಾಠ ಹೇಳಿದವನು ನಾನು. ಟಿಪ್ಪಣಿಯಿಲ್ಲದೆ ವಿದ್ಯಾರ್ಥಿಗಳು ಒಂದು ಪದ್ಯವನ್ನೂ ದಾಟುತ್ತಿರಲಿಲ್ಲ. ಆದುದರಿಂದಲೇ ಇಂಟೆಲ್ ಸಂಸ್ಥೆಯ 8086 ಮೈಕ್ರೊಪ್ರೊಸೆಸರಿನ ವಂಶ ನನಗೆ ಬೆರಗು. 1976ರಲ್ಲಿ ಸ್ಟೀಫನ್ ಮೋರ್ಸ್ ಅದರ ಆದೇಶಗಳನ್ನು ರೂಪಿಸತೊಡಗಿದಾಗ ಅದೊಂದು ತಾತ್ಕಾಲಿಕ ಏರ್ಪಾಡು. ಸಂಸ್ಥೆ ನೆಚ್ಚಿದ್ದುದು ತಡವಾಗುತ್ತಿದ್ದ 432 ಎಂಬ ಇನ್ನೊಂದು ಚಿಪ್ಪನ್ನು. ಅದು 1981ರಲ್ಲಿ ಬಂದು ಸೋತಿತು. ಮನೆತನಗಳಲ್ಲಿಯೂ ಹೀಗಾಗುವುದುಂಟು. 1978ರ 8086ರಲ್ಲಿ ಸುಮಾರು 29,000 ಟ್ರಾನ್ಸಿಸ್ಟರುಗಳಿದ್ದವು. 1985ರ 80386, 32 ಬಿಟ್ಟಿಗೆ ಬೆಳೆದರೂ ಹಿರಿಯರ ಆದೇಶಗಳನ್ನು ಪಾಲಿಸಿತು. 2001ರಲ್ಲಿ ಇಂಟೆಲ್ ಇಟೇನಿಯಂನೊಡನೆ ಹೊಸ ನುಡಿಯನ್ನೇ ತಂದಿತು. ಹಳೆಯ ಪ್ರೋಗ್ರಾಮುಗಳು ಅಲ್ಲಿ ಕುಂಟಿದವು. ಪ್ರತಿಸ್ಪರ್ಧಿ ಎಎಂಡಿ 2003ರಲ್ಲಿ ಹಳೆಯ ನುಡಿಯನ್ನೇ 64 ಬಿಟ್ಟಿಗೆ ಹಿಗ್ಗಿಸಿತು. ಮರುವರ್ಷ ಇಂಟೆಲ್ ಕೂಡ ಅದೇ ದಾರಿ ಹಿಡಿಯಬೇಕಾಯಿತು. ಈ ವಂಶದ ಚಿಪ್ಪು ಇಂದಿಗೂ ವಿದ್ಯುತ್ ಹರಿದೊಡನೆ ಕಣ್ದೆರೆಯುವುದು 8086ರ ಆ 16 ಬಿಟ್ಟಿನ ಸ್ಥಿತಿಯಲ್ಲಿಯೇ.